ನೇಗಿಲು ಬೇಡ ಅಂದ ನೆಲದಲ್ಲಿ ಸೈಕಲ್

(ಬೀದರ್‌ನಲ್ಲಿ ಒಂದು ಭಾನುವಾರ ಸಂಜೆ ಸೈಕಲ್ ಹುಚ್ಚಿನವರ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದದ್ದು.)

ಈ ಮೇಜಿನ ಮೇಲೆ ಎರಡು ಟೈರು ಇಟ್ಟಿದ್ದೇನೆ. ಒಂದು ನಮ್ಮಪ್ಪನ ಅಟ್ಲಾಸ್ ಸೈಕಲ್ಲಿನದು. ಇನ್ನೊಂದು ಈಗಿನ ಗ್ರಾವೆಲ್ ಸೈಕಲ್ಲಿನದು, ಅಂದರೆ ಕಲ್ಲುದಾರಿ, ಮಣ್ಣುದಾರಿಗೆ ಅಂತಲೇ ಮಾಡಿದ ಸೈಕಲ್ಲು; ಮುಂದಿನ ಸಾಲಿನಲ್ಲಿ ಕೂತಿರುವ ಹುಡುಗನ ಹತ್ತಿರ ಕಡ ತಂದಿದ್ದೇನೆ. ನನ್ನ ಮಾತು ಮುಗಿದ ಮೇಲೆ ಅವನು ಇದನ್ನು ಹಾಕಿಕೊಂಡೇ ಮನೆಗೆ ಹೋಗಬೇಕು, ಹಾಗಾಗಿ ಜಾಸ್ತಿ ಎಳೆಯಲ್ಲ.

ಟೈರಿನ ಮಗ್ಗುಲಲ್ಲಿ ಉಬ್ಬಿದ ಅಂಕಿಗಳಿರುತ್ತವೆ. ಯಾರೂ ಓದುವುದಿಲ್ಲ. ಅಪ್ಪನ ಟೈರಿನ ಮೇಲೆ 28 × 1½ ಅಂತಿದೆ. ಅದರ ಪಕ್ಕ ಸಣ್ಣಗೆ 40-635. ಇದರಲ್ಲಿ 40 ಅನ್ನೋದು ಟೈರಿನ ಅಗಲ, 635 ಅನ್ನೋದು ರಿಮ್ಮಿನ ಅಳತೆ, ಎರಡೂ ಮಿಲಿಮೀಟರ್‌ನಲ್ಲಿ. ಈಗ ಹೊಸ ಟೈರು ನೋಡಿ. 40-622. ಅಗಲ ಅದೇ 40! ರಿಮ್ಮು ಮಾತ್ರ 13 ಮಿಲಿಮೀಟರ್ ಚಿಕ್ಕದು. ಗ್ರಾವೆಲ್ ಸೈಕಲ್ ಅಂತ ಲಕ್ಷಗಟ್ಟಲೆ ಕೊಟ್ಟು ತರುತ್ತಾರಲ್ಲ, ಅದರ ಟೈರು ನಮ್ಮಪ್ಪ ಹಾಲಿನ ಕ್ಯಾನ್ ಕಟ್ಟಿಕೊಂಡು ಹೊಲದ ದಾರಿಯಲ್ಲಿ ಬರುತ್ತಿದ್ದ ಟೈರಿನಷ್ಟೇ ದಪ್ಪ. ನಿಮ್ಮಲ್ಲಿ ಎಷ್ಟು ಜನ ಬಾರಿನ ಕೆಳಗೆ ಕಾಲು ತೂರಿಸಿ ಸೈಕಲ್ ಕಲಿತಿದ್ದೀರಿ, ಕೈ ಎತ್ತಿ. ನೋಡಿ, ಅರ್ಧ ಸಭೆ. ನೀವೆಲ್ಲ ಮೊದಲಿನಿಂದ ಗ್ರಾವೆಲ್ ಸವಾರರೇ. ನಿಮಗೆ ಗೊತ್ತಿರಲಿಲ್ಲ ಅಷ್ಟೇ.

ಗೇರು, ಬ್ರೇಕು, ತೂಕ ಬೇರೆ, ಒಪ್ಪಿದೆ. ಅಪ್ಪನ ಸೈಕಲ್ಲಿನ ಕಡ್ಡಿ ಬ್ರೇಕು ಮಳೆಯಲ್ಲಿ ಹಿಡಿಯುತ್ತಲೇ ಇರಲಿಲ್ಲ, ಚಪ್ಪಲಿಯೇ ಬ್ರೇಕು. ಆದರೆ ದಾರಿಯ ಮಾತು ಬಂದರೆ ವ್ಯತ್ಯಾಸ ಕಡಿಮೆ. ಪೇಟೆಯವರು ಗ್ರಾವೆಲ್ ಅನ್ನುತ್ತಾರೆ, ನಾವು ಮುರುಮ್ ಅಂತೀವಿ. ನಾನು ಹೇಳೋಕೆ ಬಂದಿರುವುದು ಆ ಮುರುಮ್ ನೆಲದ ಬಗ್ಗೆ. ಸೈಕಲ್ ಬರೀ ನೆಪ.

ಈ ಗ್ರಾವೆಲ್ ಹುಚ್ಚು ದೊಡ್ಡದಾಗಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ. ಅಲ್ಲಿ ಎಂಪೋರಿಯಾ ಅಂತ ಒಂದು ಊರು. 2006ರಲ್ಲಿ 34 ಜನ ಸೇರಿ 200 ಮೈಲಿ ಕಲ್ಲುದಾರಿಯ ರೇಸ್ ಶುರು ಮಾಡಿದರು. ಇವತ್ತು ಅದಕ್ಕೆ ಸಾವಿರಗಟ್ಟಲೆ ಜನ ಬರುತ್ತಾರೆ. ಆ ಸೀಮೆಗೆ ಫ್ಲಿಂಟ್ ಹಿಲ್ಸ್ ಅನ್ನುತ್ತಾರೆ, ಚಕಮಕಿ ಕಲ್ಲಿನ ಗುಡ್ಡಗಳು ಅಂತ. ಸುತ್ತಮುತ್ತಲಿನ ಎತ್ತರದ ಹುಲ್ಲುಗಾವಲನ್ನೆಲ್ಲ ಉತ್ತು ಜೋಳ, ಗೋಧಿ ಬೆಳೆದರು. ಇಲ್ಲಿ ಮಾತ್ರ ನೇಗಿಲು ಹಾಕಿದರೆ ಕಲ್ಲು ತಾಗಿ ಮುರಿಯುತ್ತಿತ್ತು. ಬಿಟ್ಟರು. ಹಾಗಾಗಿ ಹುಲ್ಲು ಉಳಿಯಿತು, ದನ ಉಳಿದವು, ಕಲ್ಲಿನ ದಾರಿಯೂ ಉಳಿಯಿತು. ನೇಗಿಲು ಬೇಡ ಅಂದ ನೆಲ. ಇದನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ನಮ್ಮ ಹುಡುಗಿ ಬೆಲ್ಜಿಯಂನಲ್ಲಿ ಓದುತ್ತಿದ್ದಾಗ ಒಂದು ಆಗಸ್ಟ್‌ನಲ್ಲಿ ಮೂರು ವಾರ ಅವಳ ಹತ್ತಿರ ಇದ್ದೆ. ಅವಳು ಕಾಲೇಜಿಗೆ ಹೋದ ಮೇಲೆ ನನಗೇನು ಕೆಲಸ? ಬಾಡಿಗೆ ಸೈಕಲ್ ತಗೊಂಡು ರೈಲು ಹತ್ತಿ ಲಿಂಬರ್ಗ್ ಅನ್ನೋ ಪ್ರಾಂತ್ಯಕ್ಕೆ ಹೋಗುತ್ತಿದ್ದೆ. ಅಲ್ಲಿ ನೋಡಿದ್ದು ಹೀತ್ ಅನ್ನುವ ನೆಲ. ಮರಳು ಮಣ್ಣು, ಹುಳಿ ಮಣ್ಣು, ಸತ್ವವಿಲ್ಲದ ಮಣ್ಣು. ಮೊಣಕಾಲೆತ್ತರದ ಹೀದರ್ ಗಿಡ ಬಿಟ್ಟರೆ ಬೇರೇನೂ ಸರಿಯಾಗಿ ಬರಲ್ಲ. ನಮ್ಮ ತಂಗಡಿ ಗಿಡದಷ್ಟೂ ಎತ್ತರ ಇಲ್ಲ. ಆದರೆ ಆಗಸ್ಟ್ ಕೊನೆಗೆ ಹೂಬಿಟ್ಟಾಗ ಕಣ್ಣು ಹೋದಷ್ಟು ದೂರ ನೇರಳೆ ಬಣ್ಣ. ಅದರ ನಡುವೆ ಸಣ್ಣ ಕಲ್ಲು ಹಾಸಿದ ಸೈಕಲ್ ದಾರಿ. ಹಾರ್ನ್ ಇಲ್ಲ, ಹೊಗೆ ಇಲ್ಲ. ಮೊದಲ ದಿನ ನನಗೆ ಕಿವಿ ಕೆಟ್ಟಿದೆಯೇನೋ ಅನಿಸಿತು.

ನಾನು ಅದನ್ನ ಕಾಡು ಅಂದುಕೊಂಡಿದ್ದೆ, ದೇವರು ಮಾಡಿದ್ದು. ಅಲ್ಲ. ಹೀತ್ ಅನ್ನೋದು ಬಹುಪಾಲು ಜನ ಮಾಡಿದ ನೆಲ. ಸಾವಿರಾರು ವರ್ಷದ ಹಿಂದಿನಿಂದ ಕಾಡು ಕಡಿದರು, ಕುರಿ ಬಿಟ್ಟರು, ಮೇಲಿನ ಮಣ್ಣಿನ ಪದರವನ್ನು ಬೇರು ಸಮೇತ ಕೆತ್ತಿ ಕೊಟ್ಟಿಗೆಗೆ ಹಾಸಿದರು, ಸಗಣಿ ಕೂಡಿಸಿ ಹೊಲಕ್ಕೆ ಹಾಕಿದರು. ಕುರಿ ಮೇಯೋದು ನಿಂತರೆ ಕೆಲವೇ ವರ್ಷಕ್ಕೆ ಬರ್ಚ್, ಪೈನ್ ಗಿಡ ನುಗ್ಗುತ್ತವೆ, ಹೀತ್ ಹೋಗುತ್ತದೆ. ಅದಕ್ಕೇ ಈಗ ಅಲ್ಲಿನ ಉದ್ಯಾನದವರು ಕುರಿ ಹಿಂಡು ಕರೆಸಿ ಮೇಯಿಸುತ್ತಾರೆ. ನಮ್ಮ ಕುರುಬರಿಗೆ ಹೇಳಿದರೆ ನಗ್ತಾರೆ, ಆದರೆ ನಿಜ.

ಇನ್ನೊಂದು ವಿಷಯ. 1847ರಲ್ಲಿ ಬೆಲ್ಜಿಯಂ ಸರ್ಕಾರ ಒಂದು ಕಾಯ್ದೆ ತಂದಿತು. ಊರೊಟ್ಟಿನ ಹೀತ್ ಎಲ್ಲ ಬೀಳು ಭೂಮಿ, ವ್ಯರ್ಥ, ಅದನ್ನು ಉಳುಮೆಗೆ ತನ್ನಿ, ಇಲ್ಲ ಮಾರಿ ಅಂತ. ಬಹಳಷ್ಟು ಕಡೆ ಪೈನ್ ಮರ ನೆಟ್ಟರು. ಮುಂದೆ ಅಲ್ಲೇ ಕಲ್ಲಿದ್ದಲು ಗಣಿ ಬಂದವು, ಆ ಮರಗಳು ಗಣಿಯೊಳಗಿನ ಆಧಾರ ಕಂಬ ಆದವು. ಬ್ರಿಟನ್ನಿನಲ್ಲೂ ಇದೇ ಕಥೆ. 1800ರಿಂದ ಈಚೆಗೆ ಬಯಲು ಸೀಮೆಯ ಹೀತ್‌ನಲ್ಲಿ ಆರರಲ್ಲಿ ಐದು ಪಾಲು ಹೋಗಿದೆ ಅಂತ ಲೆಕ್ಕ. ಬೀಳು ಅಂದ ಕೂಡಲೇ ಬಿತ್ತು ನೋಡಿ.

ಗಣಿಯ ಮಾತು ಬಂತು, ಇದನ್ನೂ ಹೇಳಿಬಿಡ್ತೀನಿ. ಲಿಂಬರ್ಗಿನ ಕೊನೆಯ ಗಣಿ 1992ರಲ್ಲಿ ಮುಚ್ಚಿತು. ಕೆಲಸ ಹೋಯಿತು, ಊರು ಸಪ್ಪೆ ಆಯಿತು. ಅಲ್ಲಿ ಗಣಿ ಎಂಜಿನಿಯರ್ ಆಗಿದ್ದ ಹ್ಯೂಗೊ ಬೋಲನ್ ಅನ್ನುವವರಿಗೆ ಒಂದು ಐಡಿಯಾ ಬಂತು. ನೆಲದೊಳಗೆ ಸುರಂಗಗಳು ಕೂಡುವ ಕಡೆ ಅಂಕಿ ಹಾಕುತ್ತಿದ್ದರು, ದಾರಿ ತಪ್ಪಬಾರದು ಅಂತ. ಅದನ್ನೇ ನೆಲದ ಮೇಲೆ ಯಾಕೆ ಮಾಡಬಾರದು? 1995ರಲ್ಲಿ ಸೈಕಲ್ ದಾರಿಗಳು ಕೂಡುವಲ್ಲೆಲ್ಲ ಒಂದೊಂದು ನಂಬರು ಬಂತು. ಬೆಳಿಗ್ಗೆ ಒಂದು ಚೀಟಿಯಲ್ಲಿ ನಾಲ್ಕಾರು ನಂಬರು ಬರ್ಕೊಂಡು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡರೆ ಆಯಿತು, ಬಾಣ ನೋಡ್ಕೊಂಡು ಹೋಗೋದು. ಫೋನ್ ಬೇಡ, ಭಾಷೆ ಬರಬೇಕಿಲ್ಲ. ನನಗೆ ಅಲ್ಲಿನ ಡಚ್ಚಿನಲ್ಲಿ ನಮಸ್ಕಾರ ಅನ್ನೋಕೂ ಬರಲ್ಲ, ಒಂದು ದಿನವೂ ದಾರಿ ತಪ್ಪಲಿಲ್ಲ. ಎಲ್ಲ ದಾರಿಯೂ ವಾಹನವಿಲ್ಲದ್ದು ಅಂತಲ್ಲ, ನಡುನಡುವೆ ಊರಿನ ರಸ್ತೆ ಸಿಗುತ್ತದೆ. ಆದರೆ ಕಾಡು, ಹೀತ್ ಒಳಗೆ ಹೊಕ್ಕ ಮೇಲೆ ಸೈಕಲ್ಲು, ಕಾಲು ಎರಡೇ. ಒಂದು ಕಡೆ ದಾರಿಯೇ ಮರಗಳ ನಡುವೆ ಎರಡು ಸುತ್ತು ಹಾಕಿ ಹತ್ತು ಮೀಟರ್ ಮೇಲೇರುತ್ತದೆ, ಏಳುನೂರು ಮೀಟರ್ ಉದ್ದ. 2019ರಲ್ಲಿ ಕಟ್ಟಿದ್ದು. ಮಕ್ಕಳಿಗೆ ಖುಷಿ. ನನಗೆ ಕೆಳಗಿನ ಕಲ್ಲುದಾರಿಯೇ ಹಿತವಾಯಿತು.

ಈಗ ಬೀದರ್‌ಗೆ ಬರೋಣ.

ನಾವು ಕೂತಿರುವ ಈ ಊರು ಕೆಂಪು ಕಲ್ಲಿನ ಗುಡ್ಡದ ನೆತ್ತಿಯ ಮೇಲಿದೆ. ಕರಾವಳಿಯವರು ಇದನ್ನ ಜಂಬಿಟ್ಟಿಗೆ ಅನ್ನುತ್ತಾರೆ. ಬುಕಾನನ್ ಅನ್ನುವ ಸಾಹೇಬ 1807ರಲ್ಲಿ ಇಂಥದ್ದೇ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಅವನು ನೋಡಿದ್ದು ಮಲಬಾರಿನಲ್ಲಿ. ಲ್ಯಾಟಿನ್ನಿನಲ್ಲಿ ಅದಕ್ಕೂ ಇಟ್ಟಿಗೆ ಅಂತಲೇ ಅರ್ಥ. ಅಗೆಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ನಮ್ಮ ಕೋಟೆಯ ಕಂದಕವನ್ನು ಈ ಕಲ್ಲಿನಲ್ಲೇ ಕಡಿದಿದ್ದಾರೆ. ಲಕ್ಷಾಂತರ ವರ್ಷ ಮಳೆ ಸುರಿದು ಸುರಿದು ಮಣ್ಣಿನ ಸತ್ವವೆಲ್ಲ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದ ನೆಲ ಇದು. ಬೆಳೆ ಕೇಳಿದರೆ ಮುಖ ತಿರುಗಿಸುತ್ತದೆ. ನೀರು ಮಾತ್ರ ಜೇನುಗೂಡಿನ ಹಾಗೆ ಕುಡಿಯುತ್ತದೆ. ಕೆಳಗೆ ಕರಿ ಕಲ್ಲು, ಅಲ್ಲಿ ನೀರು ನಿಲ್ಲುತ್ತದೆ. ಅದನ್ನ ತಿಳಿದೇ 15ನೇ ಶತಮಾನದಲ್ಲಿ ನೌಬಾದ್ ಹತ್ತಿರ ಸುರಂಗ ಬಾವಿ ತೋಡಿದರು. ಹಾಂ, ಬಿದ್ರಿ ಕೆಲಸದವರು ಪಾತ್ರೆ ಕರಿ ಮಾಡೋಕೆ ಕೋಟೆ ಮಣ್ಣನ್ನೇ ತರ್ತಾರೆ, ಬಿಸಿಲು ಮಳೆ ಕಾಣದ ಜಾಗದ ಮಣ್ಣು. ಸೈಕಲ್ಲಿಗೂ ಇದಕ್ಕೂ ಸಂಬಂಧ ಇಲ್ಲ, ಬೀದರ್‌ನವನಾಗಿ ಮಣ್ಣಿನ ಬಗ್ಗೆ ಮಾತಾಡಿ ಬಿದ್ರಿ ಬಿಟ್ಟರೆ ನೀವು ನನ್ನ ಮನೆಗೆ ಕಳಿಸಲ್ಲ.

ಸೈಕಲ್ಲಿಗೆ ಸಂಬಂಧ ಇರೋದು ಇದು. ಈ ಕೆಂಪು ಗರಸು ಮಳೆ ನಿಂತ ಒಂದೆರಡು ಗಂಟೆಗೆ ಒಣಗುತ್ತದೆ. ಚಕ್ರ ಹಿಡಿಯಲ್ಲ. ದರದರ ಅಂತ ಸದ್ದು ಮಾಡ್ತಾ ಓಡುತ್ತದೆ. ಗುಡ್ಡ ಇಳಿದು ಎರೆ ಭೂಮಿಗೆ ಬಂದಿರೋ, ಕಥೆ ಬೇರೆ. ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಅಂಟುತ್ತದೆ.

ಮೂರು ವರ್ಷದ ಹಿಂದೆ ನನಗಾದದ್ದು. ಮಾರ್ಚ್ ತಿಂಗಳು, ಆಕಾಶ ಸ್ವಚ್ಛ. ಮಾಂಜ್ರಾ ದಂಡೆ ಕಡೆ ಬಂಡಿ ದಾರಿ ಹಿಡಿದಿದ್ದೆ. ಮಧ್ಯಾಹ್ನ ಎಲ್ಲಿಂದಲೋ ಆಣೆಕಲ್ಲು ಮಳೆ, ಹದಿನೈದೇ ನಿಮಿಷ. ಮಳೆ ನಿಂತ ಮೇಲೆ ಹತ್ತಿದೆ. ಐವತ್ತು ಹೆಜ್ಜೆ ಹೋಗಿಲ್ಲ, ಚಕ್ರ ತಿರುಗಲ್ಲ. ಇಳಿದು ನೋಡಿದರೆ ಫೋರ್ಕಿನ ಮಧ್ಯೆ ಮಣ್ಣು ತುಂಬಿ ಟೈರೇ ಕಾಣ್ತಿಲ್ಲ. ಕಡ್ಡಿ ತಗೊಂಡು ಕೆರೆದೆ, ಹತ್ತು ಹೆಜ್ಜೆಗೆ ಮತ್ತೆ ಅದೇ. ಹೆಗಲ ಮೇಲೆ ಹೊರೋಣ ಅಂದರೆ ಬೂಟಿನ ಕೆಳಗೆ ಇಷ್ಟಿಷ್ಟು ದಪ್ಪ ಹೆಂಟೆ. ತೊಗರಿ ಕಟ್ಟಿಗೆ ತುಂಬಿದ್ದ ಟ್ರ್ಯಾಕ್ಟರಿನವ ಬಂದ, ನೋಡಿದ, ಗಾಡಿ ನಿಲ್ಲಿಸಿ ಮೊದಲು ಒಂದು ನಿಮಿಷ ನಕ್ಕ. ಆಮೇಲೆ, "ಸರ, ಯರಿ ಹೊಲದಾಗ ಮಳಿ ಬಂದ ಮ್ಯಾಲ ಎತ್ತು ಸುದಾ ಕಾಲ್ ಇಡಂಗಿಲ್ಲ, ನೀವೇನ್ ಸೈಕಲ್ ತಂದೀರಿ?" ಅಂದ. ಸೈಕಲ್ಲನ್ನೂ ನನ್ನನ್ನೂ ಕಟ್ಟಿಗೆ ಮೇಲೆ ಹಾಕ್ಕೊಂಡು ಊರಿಗೆ ಬಿಟ್ಟ. ಅವತ್ತಿನಿಂದ ಮೋಡ ಕಂಡರೆ ನಾನು ಕೆಂಪು ನೆಲ ಬಿಟ್ಟು ಇಳಿಯಲ್ಲ.

ವಾಹನವಿಲ್ಲದ ದಾರಿ ನಮ್ಮಲ್ಲಿ ಎಲ್ಲಿವೆ ಅಂತ ಕೇಳ್ತೀರಿ. ಬಂಡಿ ಜಾಡು ಇದೆ. ಕೆರೆ ಏರಿ ಇದೆ. ಯಾದಗಿರಿ ಕಡೆಯವರಿಗೆ ನಾರಾಯಣಪುರ ಎಡದಂಡೆ ಕಾಲುವೆಯ ಪಕ್ಕದ ದಾರಿ ಇದೆ, ಶಹಾಪುರ ಸುರಪುರ ಸುತ್ತ, ಸಪಾಟು, ಆದರೆ ನೆರಳಿಲ್ಲ. ಎಲ್ಲಕ್ಕಿಂತ ಚಂದ ಅಂದರೆ ಚಿಂಚೋಳಿ ತಾಲೂಕಿನ ಕುಂಚಾವರಂ ಕಾಡಿನ ಸೀಮೆ. ಅಲ್ಲಿ ಮುರುಮ್ ಇದೆ, ತೇಗ ಇದೆ, ಮುತ್ತುಗ ಇದೆ, ಚಂದ್ರಂಪಳ್ಳಿ ಕೆರೆಯ ನೀರಿದೆ. ಫೆಬ್ರವರಿ ಕೊನೆಗೆ ಮುತ್ತುಗ ಹೂಬಿಟ್ಟಾಗ ಹೋಗಿ ನೋಡಿ, ಒಂದೂ ಎಲೆ ಇಲ್ಲ, ಮರದ ತುಂಬ ಕೆಂಡ. ಬೆಲ್ಜಿಯಂನ ನೇರಳೆಗೆ ನಾನು ಕೊಡುವ ಉತ್ತರ ಅದು.

ಒಂದು ಮಾತು ಖಡಾಖಂಡಿತ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ, 134.88 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ನರಿ ಇರುವ ಜಾಗ. 1972ರ ಕಾಯ್ದೆಯಂತೆ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಸೈಕಲ್ಲಿಗೆ ಸದ್ದಿಲ್ಲ, ಹಾಗಾಗಿ ನಡೆಯುತ್ತದೆ ಅಂದುಕೊಳ್ಳಬೇಡಿ. ಸದ್ದಿಲ್ಲದ್ದೇ ತೊಂದರೆ, ಪ್ರಾಣಿಗೆ ನೀವು ಹತ್ತಿರ ಬರುವ ತನಕ ಗೊತ್ತೇ ಆಗಲ್ಲ. ಅರಣ್ಯ ಇಲಾಖೆಯವರನ್ನು ಕೇಳಿ, ಅವರು ಹೇಳಿದ ದಾರಿಯಲ್ಲಿ ಹೋಗಿ, ಕತ್ತಲಾಗುವ ಮೊದಲು ಹೊರಗೆ ಬನ್ನಿ. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲೂ ಗುರುತು ಹಾಕಿದ ಕಲ್ಲುದಾರಿ ಬಿಟ್ಟು ಸೈಕಲ್ ಆಚೆ ಇಳಿಸುವಂತಿಲ್ಲ.

ಮುಳ್ಳಿನ ವಿಷಯ ಕೇಳಬೇಕು ಅಂತ ಹಿಂದಿನ ಸಾಲಿನವರು ಕಾಯ್ತಿದ್ದಾರೆ. ಎರಡು ಶತ್ರು. ಬಳ್ಳಾರಿ ಜಾಲಿ ಒಂದು, ನೆಗ್ಗಿಲ ಮುಳ್ಳು ಇನ್ನೊಂದು. ಜಾಲಿ ಮುಳ್ಳು ಚುಚ್ಚಿದರೆ ಕಾಣುತ್ತದೆ. ನೆಗ್ಗಿಲು ಕಾಣಲ್ಲ, ಹಳದಿ ಹೂವಿನ ಚಂದದ ಬಳ್ಳಿ, ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡ್ತಿರುತ್ತದೆ. ಒಮ್ಮೆ ನನ್ನ ಟ್ಯೂಬು ಬಿಚ್ಚಿ ಪಂಕ್ಚರ್ ಅಂಗಡಿಯ ಹುಡುಗ ಬುಟ್ಟಿ ನೀರಿಗೆ ಅದ್ದಿದ. ಗುಳುಗುಳು ಅಂತ ಒಂದು ಕಡೆ. ಸ್ವಲ್ಪ ತಿರುಗಿಸಿದ, ಇನ್ನೊಂದು ಕಡೆ. ಅವನು ಎಣಿಸ್ತಾ ಹೋದ, ಹನ್ನೊಂದಕ್ಕೆ ನಿಲ್ಲಿಸಿ, "ಕಾಕಾ, ಇದು ಟ್ಯೂಬಲ್ಲ, ಸಾಣಿಗಿ" ಅಂದ. ಹಿಟ್ಟು ಸೋಸೋದೊಂದೇ ಬಾಕಿ. ಈಗ ಟ್ಯೂಬಿಲ್ಲದ ಟೈರು ಬಂದಿವೆ, ಒಳಗೆ ಹಾಲಿನಂಥ ದ್ರವ ಹಾಕುತ್ತಾರೆ, ಸಣ್ಣ ತೂತು ತಾನೇ ಮುಚ್ಚುತ್ತದೆ. ನಮ್ಮ ನೆಲಕ್ಕೆ ಅದು ಒಳ್ಳೆಯದೇ. ದುಡ್ಡಿಲ್ಲದಿದ್ದರೆ ಎರಡು ಟ್ಯೂಬು, ಪ್ಯಾಚು, ಸಣ್ಣ ಪಂಪು ಇಟ್ಟುಕೊಳ್ಳಿ. ಮುಳ್ಳು ಕೀಳದೆ ಹೊಸ ಟ್ಯೂಬು ಹಾಕಬೇಡಿ, ಟೈರಿನ ಒಳಗೆ ಬೆರಳಾಡಿಸಿ ನೋಡಿ. ಗಾಳಿ ಕಲ್ಲಿನ ಹಾಗೆ ತುಂಬಿಸಬೇಡಿ. 40 ಮಿಲಿಮೀಟರ್ ಟೈರಿಗೆ, ನನ್ನಂಥ ಎಪ್ಪತ್ತು ಕಿಲೋ ಆಸಾಮಿಗೆ ಪಂಪಿನ ಮುಳ್ಳು ತೋರಿಸುವ ಗಾಳಿಯ ಒತ್ತಡ 40 ಪಿಎಸ್‌ಐ ಆಸುಪಾಸು ಸಾಕು. ಅಂಗಡಿಯವರು 70 ಹೊಡೀತಾರೆ, ಗುಡ್ಡ ಇಳಿಯುವಾಗ ಹಲ್ಲು ಅಲ್ಲಾಡ್ತವೆ.

ಈಗ ಹಕ್ಕಿಯ ಕಥೆ. ಹೋದ ಏಪ್ರಿಲ್, ಊರಾಚೆ ಗೈರಾಣ ಜಾಗ, ದನ ಕುರಿ ಮೇಯುವ ಊರೊಟ್ಟಿನ ಬಯಲು. ಮುಂದೆ ಒಂದು ಟಿಟ್ಟಿಭ ಹಕ್ಕಿ ಚೀರುತ್ತಾ ಎದ್ದಿತು, ನನ್ನ ತಲೆ ಮೇಲೆ ಸುತ್ತಿತು. ಬ್ರೇಕು ಹಾಕಿದೆ. ಕಾಲಿಡಲು ಹೋದ ಜಾಗದಿಂದ ಒಂದು ಮೊಳ ದೂರದಲ್ಲಿ, ಬಂಡಿ ಜಾಡಿನ ನಡುವಿನ ದಿಬ್ಬದಲ್ಲಿ, ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ. ಸುಮ್ನೆ ಸಣ್ಣ ತಗ್ಗು, ಸುತ್ತ ಒಂದಿಷ್ಟು ಹರಳು. ಮೊಟ್ಟೆಯ ಚೂಪು ತುದಿ ನಾಲ್ಕೂ ಒಳಮುಖ. ಬಣ್ಣ ಮುರುಮಿನದೇ, ಮೇಲೆ ಕಪ್ಪು ಚುಕ್ಕಿ. ಕಣ್ಣು ಆಚೆ ಮಾಡಿ ಮತ್ತೆ ನೋಡಿದರೆ ಹುಡುಕಬೇಕು. ನಾನು ಬಹಳ ಬುದ್ಧಿವಂತ ಅಂದುಕೊಂಡು, ಬೇರೆ ಸವಾರರಿಗೆ ಗೊತ್ತಾಗಲಿ ಅಂತ ಸುತ್ತ ದೊಡ್ಡ ಕಲ್ಲು ಇಡೋಕೆ ಶುರು ಮಾಡಿದೆ. ಕುರಿ ಬಿಟ್ಟುಕೊಂಡು ಬಂದ ಮುದುಕಪ್ಪ ದೂರದಿಂದಲೇ ಕೂಗಿದ: "ತಮ್ಮಾ, ಕಲ್ಲ ಇಡಬ್ಯಾಡ. ನಿಮಗ ಗುರ್ತು ಆದ್ರ ಕಾಗಿಗೂ ಗುರ್ತು ಆಗ್ತದ." ಕಲ್ಲು ತೆಗೆದೆ. ಅವನು ತನ್ನ ಹಿಂಡನ್ನು ಆ ಕಡೆ ಬಿಡದೆ ಹಳ್ಳದ ಮಗ್ಗುಲಿಂದ ಹೊಡ್ಕೊಂಡು ಹೋದ. ನಾನೂ ಸೈಕಲ್ ಹೊತ್ತು ಅವನ ಹಿಂದೆ.

ಇಂಗ್ಲೆಂಡಿನ ಹೀತ್‌ನಲ್ಲೂ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿವೆ, ನಮ್ಮ ನತ್ತಿಂಗದ ಜಾತಿಯದೂ ಒಂದು. ಅದಕ್ಕಾಗಿ ಇಂಥ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರ ತನಕ ನಾಯಿಗೆ ಎರಡು ಮೀಟರಿಗಿಂತ ಉದ್ದದ ಹಗ್ಗ ಬಿಡುವಂತಿಲ್ಲ ಅಂತ ಕಾನೂನೇ ಇದೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ, ಮುದುಕಪ್ಪ ಇದ್ದಾನೆ. ಅಂದ ಹಾಗೆ ಅವನ ನಾಯಿಗಳು. ಕುರಿ ನಾಯಿ ಬಂದರೆ ಓಡಿಸಬೇಡಿ, ಓಡಬೇಡಿ. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ಯಜಮಾನನನ್ನು ಮಾತಾಡಿಸಿ. ಮನುಷ್ಯ ಮಾತಾಡಿದ ಮೇಲೆ ನಾಯಿ ಸುಮ್ಮನಾಗುತ್ತದೆ, ಹೆಚ್ಚಿನ ಸಲ.

ಆ ಮುದುಕಪ್ಪನ ಹತ್ತಿರ ಅವತ್ತು ಅರ್ಧ ತಾಸು ಕೂತಿದ್ದೆ. ಅವನ ಚಿಂತೆ ಗಿಡ ನೆಡುವವರದು. ಬಯಲು ಕಂಡರೆ ಗುಂಡಿ ತೋಡಿ ಸಸಿ ಇಡ್ತಾರೆ, ಬೇಲಿ ಹಾಕ್ತಾರೆ, ಕುರಿ ಎಲ್ಲಿ ಹೋಗಬೇಕು, ಚಿಗರಿ ಎಲ್ಲಿ ಹೋಗಬೇಕು? ಗಿಡ ನೆಡೋದು ಪುಣ್ಯ ಅಂತ ನಾವು ಕಲಿತಿದ್ದೇವೆ, ನಾನೂ ನೆಟ್ಟಿದ್ದೇನೆ. ಆದರೆ ಚಿಗರಿ ಅಂದರೆ ಕೃಷ್ಣಮೃಗ, ಅದಕ್ಕೆ ಬಯಲೇ ಬೇಕು, ದೂರ ಕಾಣಬೇಕು, ಓಡಬೇಕು. ನಮ್ಮ ಸರ್ಕಾರಿ ಲೆಕ್ಕದಲ್ಲಿ ಈ ನೆಲದ ಹೆಸರೇನು ಗೊತ್ತಾ? 2000ದಲ್ಲಿ ದೇಶದ ಬೀಳು ಭೂಮಿಯ ನಕ್ಷೆಗಳ ಪುಸ್ತಕ ಬಂತು. ಕುರುಚಲು ಗಿಡದ ಬಯಲು ಅದರಲ್ಲಿ ಬೀಳು ಭೂಮಿಯ ಪಟ್ಟಿಯಲ್ಲಿದೆ. ಬೆಲ್ಜಿಯಂನ 1847 ನೆನಪಾಯಿತಾ? ಅವರು ಪೈನ್ ನೆಟ್ಟು, ನೂರಕ್ಕೂ ಹೆಚ್ಚು ವರ್ಷ ಕಳೆದು, ಈಗ ಕೆಲವು ಕಡೆ ಅದೇ ಪೈನ್ ಕಡಿದು ಹೀತ್ ವಾಪಸ್ ತರ್ತಿದ್ದಾರೆ. ನಾವು ಈಗಿನ್ನೂ ನೆಡುವ ಹಂತದಲ್ಲಿದ್ದೇವೆ.

ಹಾಗಂತ ಮಣ್ಣಿನ ದಾರಿ ಎಲ್ಲ ಹಾಗೇ ಇರಲಿ ಅಂತ ನಾನು ಹೇಳಿದರೆ ನನಗೆ ಒದೆ ಬೀಳುತ್ತದೆ, ಬೀಳಬೇಕು ಕೂಡ. ಕುಂಚಾವರಂ ಕಡೆ ಒಂದು ತಾಂಡಾದಲ್ಲಿ ನೀರು ಕೇಳಿದೆ. ತಂಬಿಗೆ ಕೊಟ್ಟ ಯಾಡಿಗೆ (ಲಂಬಾಣಿಯಲ್ಲಿ ತಾಯಿ ಅಂತ), ನಿಮ್ಮೂರ ದಾರಿ ಬಹಳ ಚಂದ ಐತಿ ಅಂದೆ. ಆಕೆ ನನ್ನ ಸೈಕಲ್ಲನ್ನ ಮೇಲಿಂದ ಕೆಳಗೆ ನೋಡಿದಳು. "ನಿಮಗ ಚಂದ ಕಾಣ್ತದ. ಹೆರಿಗಿ ಹೊತ್ನ್ಯಾಗ ಈ ದಾರಿಗಿ ಆಟೋ ಬರಲ್ಲ ಅಂತಾನ. ಆಗ ನೋಡಬೇಕಿತ್ತು ಚಂದ." ನಾನು ತಂಬಿಗೆ ಖಾಲಿ ಮಾಡಿ ವಾಪಸ್ ಕೊಟ್ಟೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ತಾಂಡಾಕ್ಕೆ ಡಾಂಬರು ಬೇಕೇ ಬೇಕು. ನಾನು ಕೇಳೋದು ಜನ ವಾಸ ಇಲ್ಲದ ಕಡೆಯ ಜಾಡುಗಳನ್ನು, ಕುರಿ ಹೋಗುವ, ಬಂಡಿ ಹೋಗುವ ದಾರಿಗಳನ್ನು. ಅವುಗಳಿಗೆ ಡಾಂಬರೂ ಬೇಡ, ಟೈಲ್ಸೂ ಬೇಡ, ಸೆಲ್ಫಿ ಪಾಯಿಂಟೂ ಬೇಡ. ಕೂಡುದಾರಿಗೊಂದು ಕಲ್ಲು, ಕಲ್ಲಿನ ಮೇಲೊಂದು ನಂಬರು. ಬಣ್ಣದ ಡಬ್ಬಿ ನಾನು ಕೊಡಿಸ್ತೀನಿ. ಎಲ್ಲೆಲ್ಲಿ ಬರೆಯಬಹುದು ಅಂತ ಆಯಾ ಊರಿನವರನ್ನು, ಇಲಾಖೆಯವರನ್ನು ಕೇಳಿಯೇ ಬರೆಯೋಣ. ಯಾವ ದಾರಿಯನ್ನು ಬರೆಯದೆ ಬಿಡಬೇಕು ಅಂತ ಕುರುಬರನ್ನು ಕೇಳೋಣ.

ಮುಂದಿನ ಭಾನುವಾರ ಬೆಳಿಗ್ಗೆ ಐದೂವರೆಗೆ ಚೌಬಾರಾ ಹತ್ತಿರ ಸೇರ್ತೀವಿ. ಅಷ್ಟೂರಿನ ಗುಮ್ಮಟಗಳ ಕಡೆ ಇಳಿದು ಅಲ್ಲಿಂದ ಜಾಡು ಹಿಡಿಯೋದು, ಒಂಬತ್ತರೊಳಗೆ ವಾಪಸ್. ಬಿಸಿಲಾದ ಮೇಲೆ ನನ್ನ ಕೈಲಿ ಆಗಲ್ಲ. ಎರಡು ಲೀಟರ್ ನೀರು, ಒಂದು ಟ್ಯೂಬು ತನ್ನಿ. ಅಪ್ಪನ ಅಟ್ಲಾಸ್ ಮನೆಯಲ್ಲಿ ಇನ್ನೂ ಇದ್ದರೆ ಅದನ್ನೇ ತನ್ನಿ. ಹಿಂದಿನ ದಿನ ಮಳೆ ಬಂದಿದ್ದರೆ ಗುಡ್ಡ ಇಳಿಯಲ್ಲ, ಮೇಲೇ ಸುತ್ತಾಡಿ ಚಹಾ ಕುಡಿದು ಬರೋಣ. ಬಾ ತಮ್ಮಾ, ನಿನ್ನ ಟೈರು ತಗೋ.